ಜಾತಕ ಕೂಡಿದರಷ್ಟೇ ಬ್ರೈಟನ್ ದಾರಿ

1904ರ ಡಿಸೆಂಬರ್ 31ರಂದು ಕಾರ್ಖಾನೆಯ ಬಾಗಿಲು ದಾಟಿದ ಕಾರಿಗೆ ಪ್ರವೇಶ ಉಂಟು. ಮಾರನೆಯ ದಿನ ದಾಟಿದ್ದರೆ ಇಲ್ಲ. ಎರಡೂ ಕಾರುಗಳನ್ನು ಒಂದೇ ಕೈ ಜೋಡಿಸಿರಬಹುದು, ಒಂದೇ ಅಚ್ಚಿನ ಎಂಜಿನ್ ಇರಬಹುದು, ಬಣ್ಣವೂ ಒಂದೇ ಇರಬಹುದು. ಆದರೂ ನವೆಂಬರ್ ತಿಂಗಳ ಮೊದಲ ಭಾನುವಾರ ಒಂದು ಕಾರು ಲಂಡನ್ನಿನ ಹೈಡ್ ಪಾರ್ಕಿನಿಂದ ಹೊರಟು ಸಮುದ್ರ ನೋಡಲು ಹೋಗುತ್ತದೆ. ಇನ್ನೊಂದು ಶೆಡ್ಡಿನಲ್ಲೇ ಉಳಿಯುತ್ತದೆ.

ಲಂಡನ್–ಬ್ರೈಟನ್ ವೆಟರನ್ ಕಾರ್ ರನ್ ಎಂಬ ಈ ಓಟಕ್ಕೆ 1905ರ ಜನವರಿ 1 ದಾಟಬಾರದ ಗೆರೆ. ಸುಮಾರು 60 ಮೈಲಿ, ಅಂದರೆ 96 ಕಿಲೋಮೀಟರ್ ದಾರಿ. ವರ್ಷಕ್ಕೆ ಸುಮಾರು 400 ಕಾರುಗಳು ಬೇರೆ ಬೇರೆ ದೇಶಗಳಿಂದ ಬಂದು ಸೇರುತ್ತವೆ. ಓಟ ಎಂದರೂ ಇದು ಪಂದ್ಯವಲ್ಲ. ಮೊದಲು ತಲುಪಿದವರಿಗೆ ಕಪ್ ಇಲ್ಲ, ಯಾರು ಎಷ್ಟನೆಯವರಾಗಿ ಬಂದರು ಎಂಬ ಪಟ್ಟಿಯನ್ನೂ ಪ್ರಕಟಿಸುವುದಿಲ್ಲ. ಸರಾಸರಿ ವೇಗ ಗಂಟೆಗೆ 20 ಮೈಲಿ ಮೀರಬಾರದು ಎಂಬುದು ನಿಯಮ. ಸಂಜೆ ನಾಲ್ಕೂವರೆಯೊಳಗೆ ಬ್ರೈಟನ್ ಸೇರಿದವರಿಗೆಲ್ಲ ಒಂದೇ ಬಗೆಯ ಪದಕ.

ಪೈಪೋಟಿಯೇ ಇಲ್ಲದ ಒಂದು ದಿನದ ಪಯಣ ನೂರು ವರ್ಷದ ಹತ್ತಿರ ಬಾಳಿ ಬಂದಿದೆ. ರಸ್ತೆ ಬದಿಯಲ್ಲಿ ನಿಂತು ನೋಡುವವರಿಗೆ ಕಾಣುವುದು ಹಿತ್ತಾಳೆಯ ದೀಪಗಳು, ಉದ್ದ ಕೋಟುಗಳು, ಹೊಗೆ, ಹಾರ್ನಿನ ಸದ್ದು. ಆದರೆ ಓಟದ ಮರ್ಯಾದೆಯನ್ನು ಕಾಪಾಡಿರುವ ಕೆಲಸ ನಡೆಯುವುದು ರಸ್ತೆಯಲ್ಲಲ್ಲ, ತಿಂಗಳುಗಳ ಮುಂಚೆ ಅರ್ಜಿಗಳ ಕಡತದಲ್ಲಿ. ಯಾವ ಕಾರನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು, ಬಿಟ್ಟ ಮೇಲೆ ಯಾವುದು ಯಾವುದರ ಹಿಂದೆ ಹೊರಡಬೇಕು: ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಕಥೆ ಶುರುವಾಗುವುದು 1896ರಲ್ಲಿ. ಅದಕ್ಕೂ ಮೊದಲು ಬ್ರಿಟನ್ನಿನ ಕಾನೂನಿಗೆ ಮೋಟಾರು ಕಾರು ಬೇರೆಯಲ್ಲ, ರಸ್ತೆಯ ಮೇಲೆ ಓಡುವ ಉಗಿಯಂತ್ರ ಬೇರೆಯಲ್ಲ. 1865ರ ಕಾಯ್ದೆ ಇಂಥ ವಾಹನಗಳ ವೇಗವನ್ನು ಊರ ಹೊರಗೆ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗೆ ಕಟ್ಟಿಹಾಕಿತ್ತು. ಮುಂದೆ 60 ಗಜ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1878ರ ತಿದ್ದುಪಡಿಯಲ್ಲಿ ಬಾವುಟದ ಕಡ್ಡಾಯ ಹೋಯಿತು, ದೂರ 20 ಗಜಕ್ಕೆ ಇಳಿಯಿತು. ಆದರೆ ನಡೆಯುವ ಮನುಷ್ಯ ಉಳಿದ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಬೆಂಝ್, ಪನಾರ್, ಪ್ಯೂಜೊ ಕಾರುಗಳು ಊರಿಂದೂರಿಗೆ ಓಡುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಕಾರಿನ ವೇಗ ಕಾಲ್ನಡಿಗೆಯ ವೇಗವೇ ಆಗಿತ್ತು.

1896ರ ನವೆಂಬರ್ 14ರಂದು ಹೊಸ ಕಾಯ್ದೆ ಜಾರಿಗೆ ಬಂತು. ಹಗುರ ವಾಹನಗಳಿಗೆ ಮುಂದೆ ನಡೆಯುವ ಮನುಷ್ಯ ಬೇಡವೆಂದಾಯಿತು. ಗಂಟೆಗೆ 14 ಮೈಲಿವರೆಗೆ ಅವಕಾಶ ಕೊಟ್ಟ ಕಾಯ್ದೆಯನ್ನು ಸ್ಥಳೀಯ ಆಡಳಿತ ಮಂಡಳಿ 12ಕ್ಕೆ ಇಳಿಸಿತು. ಆದರೂ ಅದು ಬಿಡುಗಡೆಯೇ. ಅದೇ ಶನಿವಾರ, ಮಳೆಯಲ್ಲಿ, ಲಂಡನ್ನಿನಿಂದ ಬ್ರೈಟನ್ನಿಗೆ ‘ವಿಮೋಚನಾ ಓಟ’ ಹೊರಟಿತು. ಚೇರಿಂಗ್ ಕ್ರಾಸ್ ಹೋಟೆಲಿನಲ್ಲಿ ಬೆಳಗಿನ ತಿಂಡಿ. ಅಲ್ಲಿ ಲಾರ್ಡ್ ವಿಂಚಿಲ್ಸೀ ಒಂದು ಕೆಂಪು ಬಾವುಟವನ್ನು ಎರಡು ತುಂಡಾಗಿ ಹರಿದರು. ಹತ್ತೂವರೆಗೆ ಕಾರುಗಳು ಹೊರಟವು. ಹೊರಟದ್ದು 33, ತಲುಪಿದ್ದು 17 ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ.

ಸಾಮಾನ್ಯವಾಗಿ ಎಂದು ಹೇಳಬೇಕಾಗಿರುವುದಕ್ಕೆ ಕಾರಣವಿದೆ. ಅಂದಿನ ಓಟವನ್ನು ಏರ್ಪಡಿಸಿದ್ದು ಹ್ಯಾರಿ ಲಾಸನ್ ಎಂಬ ಉದ್ಯಮಿಯ ಮೋಟಾರ್ ಕಾರ್ ಕ್ಲಬ್. ಹೆಸರಿಗೆ ಕ್ಲಬ್ಬಾದರೂ ಅದು ಅವನ ವ್ಯಾಪಾರದ ಮುಖವಾಗಿತ್ತು. ಅದೇ ವರ್ಷದ ಆರಂಭದಲ್ಲಿ ಅವನು ಡೈಮ್ಲರ್ ಕಂಪನಿಯನ್ನು ಇಂಗ್ಲೆಂಡಿನಲ್ಲಿ ಸ್ಥಾಪಿಸಿ ಷೇರು ಮಾರಿದ್ದ; ಮೋಟಾರು ಪೇಟೆಂಟುಗಳನ್ನೆಲ್ಲ ಕೊಂಡು ಕೂಡಿಹಾಕುತ್ತಿದ್ದ. ಜನರಿಗೆ ಕಾರಿನ ಮೇಲೆ ನಂಬಿಕೆ ಬಂದಷ್ಟೂ ಷೇರಿಗೆ ಬೆಲೆ. ಹಾಗಾಗಿ ಯಾವ ಕಾರು ನಿಜವಾಗಿ ಹೊರಟಿತು, ಯಾವುದು ನಿಜವಾಗಿ ರಸ್ತೆಯ ಮೇಲೆಯೇ ತಲುಪಿತು ಎಂದು ನಿಷ್ಠುರವಾಗಿ ಬರೆದಿಡುವ ಕೈ ಅಲ್ಲಿರಲಿಲ್ಲ. ಒಂದು ಕಾರನ್ನು ರೈಲಿನಲ್ಲಿ ಸಾಗಿಸಿ, ಬ್ರೈಟನ್ನಿನಲ್ಲಿ ಇಳಿಸಿ, ಕೆಸರು ಎರಚಿ ಗುರಿಗೆರೆ ದಾಟಿಸಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಸಾಮಾನ್ಯವಾಗಿ ಒಪ್ಪಿರುವುದು, ಫ್ರಾನ್ಸಿನ ಬೊಲೆ ಸಹೋದರರ ಮೂರು ಚಕ್ರದ ಗಾಡಿಗಳು ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿ ಮಧ್ಯಾಹ್ನ ಎರಡೂವರೆ ಹೊತ್ತಿಗೇ ಬ್ರೈಟನ್ ಸೇರಿದ್ದವು ಎಂಬುದು. ಲಾಸನ್ ಮುಂದೆ 1904ರಲ್ಲಿ ವಂಚನೆಯ ಪ್ರಕರಣದಲ್ಲಿ ಒಂದು ವರ್ಷದ ಕಠಿಣ ಶಿಕ್ಷೆಗೆ ಗುರಿಯಾದ.

ಲಾಸನ್‌ನ ರೀತಿ ಹಿಡಿಸದ ಫ್ರೆಡರಿಕ್ ಸಿಮ್ಸ್ 1897ರಲ್ಲಿ ಬೇರೆ ಕ್ಲಬ್ ಕಟ್ಟಿದರು. ಷೇರು ಮಾರುವುದಕ್ಕಲ್ಲ, ಕಾರು ಓಡಿಸುವವರಿಗಾಗಿ. ಅದಕ್ಕೆ 1907ರಲ್ಲಿ ಏಳನೆಯ ಎಡ್ವರ್ಡ್ ದೊರೆ ‘ರಾಯಲ್’ ಪದವಿ ಕೊಟ್ಟರು. ಇಂದಿನ ರಾಯಲ್ ಆಟೊಮೊಬೈಲ್ ಕ್ಲಬ್ ಅದೇ.

ಮೊದಲ ಓಟದ ನೆನಪಿಗೆ ಜೀವ ಬಂದದ್ದು 1927ರಲ್ಲಿ, ಒಂದು ಪತ್ರಿಕೆಯ ಉತ್ಸಾಹದಿಂದ. ಡೈಲಿ ಸ್ಕೆಚ್ ಹಳೆಯ ಕಾರುಗಳನ್ನು ಮತ್ತೆ ಬ್ರೈಟನ್ನಿಗೆ ಕರೆಯಿತು. ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಾರು ಬೆರಗಿನ ವಸ್ತುವಾಗಿ ಉಳಿದಿರಲಿಲ್ಲ. ಇಪ್ಪತ್ತೈದು ವರ್ಷ ಹಳೆಯ ಗಾಡಿ ಎಂದರೆ ಗುಜರಿ. ಕೋಳಿಗೂಡಿನ ಪಕ್ಕ ಬಿದ್ದಿದ್ದ ಚೌಕಟ್ಟು, ನೀರೆತ್ತುವ ಪಂಪಿಗೆ ಜೋಡಿಸಿದ್ದ ಎಂಜಿನ್, ತೋಟದ ಮೂಲೆಯಲ್ಲಿ ಮಣ್ಣು ಹಿಡಿಯುತ್ತಿದ್ದ ಚಕ್ರ. ಇವನ್ನು ಹುಡುಕಿ ತಂದು ಓಡುವ ಸ್ಥಿತಿಗೆ ತಂದವರನ್ನು ನೋಡಿ ಮೊದಲ ವರ್ಷಗಳಲ್ಲಿ ಜನ ನಕ್ಕದ್ದೇ ಹೆಚ್ಚು. ಮಾಲೀಕರಿಗೆ ಅದು ಬೇಸರ ತರಿಸಿತು. ತಮ್ಮ ಕಾರು ಕೋಡಂಗಿಯಲ್ಲ, ಇತಿಹಾಸದ ಸಾಕ್ಷಿ ಎಂಬುದು ಅವರ ವಾದ. ಅದು ಸರಿಯಾದ ವಾದವೂ ಹೌದು.

1930ರಲ್ಲಿ ಓಟದ ಹೊಣೆ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಕೈಗೆ ಬಂತು. ಆ ವರ್ಷದ ಓಟ ಮುಗಿದ ಮೇಲೆ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ಮೂವರು ಕೂತು ಮಾತಾಡಿದರು: ಸ್ಯಾಮಿ ಡೇವಿಸ್, ಜಾಕಿ ಮಾಸ್ಟರ್ಸ್, ಜಾನ್ ವೈಲಿ. ಡೇವಿಸ್ ಸಾಮಾನ್ಯರಲ್ಲ, 1927ರಲ್ಲಿ ಬೆಂಟ್ಲಿ ಓಡಿಸಿ ಲೆ ಮಾನ್ಸ್ 24 ಗಂಟೆಯ ಪಂದ್ಯ ಗೆದ್ದ ಜೋಡಿಯಲ್ಲೊಬ್ಬರು. ಅತಿ ವೇಗದ ಕಾರು ಓಡಿಸಿದ ಮನುಷ್ಯನೇ ಅತಿ ನಿಧಾನದ ಕಾರುಗಳ ಗೌರವ ಕಾಪಾಡಲು ಮುಂದಾದದ್ದು ಗಮನಿಸಬೇಕಾದ ಸಂಗತಿ. ಅಂದು ಹುಟ್ಟಿದ್ದು ವೆಟರನ್ ಕಾರ್ ಕ್ಲಬ್. ಹಳೆಯ ಕಾರುಗಳಿಗಾಗಿಯೇ ಇರುವ ಸಂಘಗಳಲ್ಲಿ ಜಗತ್ತಿನಲ್ಲೇ ಬಹಳ ಹಿರಿಯದು ಇದು. 1919ಕ್ಕೆ ಮೊದಲಿನ ಕಾರುಗಳೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ.

ಕ್ಲಬ್ಬಿನ ಅತಿ ಮುಖ್ಯ ಕೆಲಸ ಕಾರಿನ ವಯಸ್ಸು ನಿರ್ಧರಿಸುವುದು. ಬ್ರೈಟನ್ ಓಟಕ್ಕೆ ಅರ್ಜಿ ಹಾಕುವ ಕಾರಿಗೆ ತನ್ನ ಹುಟ್ಟಿನ ವರ್ಷದ ಪ್ರಮಾಣಪತ್ರ ಬೇಕು. ಮದುವೆಗೆ ಮುಂಚೆ ಜಾತಕ ನೋಡುವಂತೆ, ಇಲ್ಲಿ ಪಯಣಕ್ಕೆ ಮುಂಚೆ ಕಾರಿನ ಜಾತಕ ಪರಿಶೀಲನೆಯಾಗುತ್ತದೆ. ತೊಂದರೆ ಏನೆಂದರೆ ಈ ಕಾರುಗಳಲ್ಲಿ ಹೆಚ್ಚಿನವಕ್ಕೆ ಹುಟ್ಟಿದ ದಿನ ಬರೆದಿಟ್ಟವರಿಲ್ಲ.

ಬ್ರಿಟನ್ನಿನಲ್ಲಿ ವಾಹನ ನೋಂದಣಿ ಕಡ್ಡಾಯವಾದದ್ದು 1904ರ ಜನವರಿ 1ರಿಂದ, 1903ರ ಮೋಟಾರು ಕಾರು ಕಾಯ್ದೆಯ ಪ್ರಕಾರ. ವೇಗದ ಮಿತಿಯನ್ನು 20 ಮೈಲಿಗೆ ಏರಿಸಿದ್ದೂ ಅದೇ ಕಾಯ್ದೆ. ಅಂದರೆ ಈ ಓಟಕ್ಕೆ ಅರ್ಹವಾದ ಕಾರುಗಳ ಕಾಲದಲ್ಲಿ ಕೊನೆಯ ಒಂದು ವರ್ಷಕ್ಕೆ ಮಾತ್ರ ಸರ್ಕಾರಿ ನೋಂದಣಿಯ ಆಸರೆ. ಅದನ್ನೂ ಪೂರ್ತಿ ನಂಬುವಂತಿಲ್ಲ. 1899ರಲ್ಲಿ ತಯಾರಾದ ಕಾರೂ ರಸ್ತೆಯಲ್ಲಿದ್ದರೆ 1904ರಲ್ಲೇ ನೋಂದಣಿ ಪಡೆಯಬೇಕಿತ್ತು; ನೋಂದಣಿಯ ದಿನ ಹುಟ್ಟಿದ ದಿನವಲ್ಲ. ನೋಂದಣಿ ಮಾಡುತ್ತಿದ್ದುದು ಕೌಂಟಿ ಕೌನ್ಸಿಲ್‌ಗಳು. ಅವುಗಳ ದಪ್ಪ ದಪ್ಪ ಪುಸ್ತಕಗಳಲ್ಲಿ ಅನೇಕವು ಮುಂದೆ ನಾಶವಾದವು. ಇನ್ನು ಫ್ರಾನ್ಸಿನಲ್ಲೋ ಅಮೆರಿಕದಲ್ಲೋ ಬಾಳಿ, ಮುದಿಯಾದ ಮೇಲೆ ಇಂಗ್ಲೆಂಡಿಗೆ ಬಂದ ಕಾರಿಗೆ ಆ ಪುಸ್ತಕಗಳಲ್ಲಿ ಹೆಸರೇ ಇಲ್ಲ.

ಹಾಗಾಗಿ ಕಾರಿನ ಮೈಯನ್ನೇ ಓದಬೇಕಾಗುತ್ತದೆ. ಷಾಸಿಯ ಮೇಲಿನ ಸಂಖ್ಯೆ, ಎಂಜಿನ್ ಮೇಲಿನ ಸಂಖ್ಯೆ, ತಯಾರಕರ ಫಲಕ, ಸ್ಪ್ರಿಂಗುಗಳ ಜೋಡಣೆ, ಗೇರುಪೆಟ್ಟಿಗೆಯ ಎರಕದ ಗುರುತು, ರೇಡಿಯೇಟರ್ ಇರುವ ಜಾಗ. ಆ ಕಾಲದ ತಯಾರಕರು ವರ್ಷಕ್ಕೊಮ್ಮೆ ಎಂದು ಕಾದು ಮಾದರಿ ಬದಲಿಸುತ್ತಿರಲಿಲ್ಲ. ಹೊಸ ಉಪಾಯ ಹೊಳೆದ ವಾರವೇ ಬದಲಿಸುತ್ತಿದ್ದರು. ಅಂಥ ಒಂದೊಂದು ಬದಲಾವಣೆ ಯಾವಾಗ ಆಯಿತೆಂದು ಹಳೆಯ ಮಾರಾಟದ ಪಟ್ಟಿ, ಜಾಹೀರಾತು, ಮೋಟಾರು ಪತ್ರಿಕೆಗಳ ಸಂಚಿಕೆ, ಛಾಯಾಚಿತ್ರಗಳಲ್ಲಿ ಹುಡುಕಿ ತಾಳೆ ನೋಡುತ್ತಾರೆ. ಪ್ರವೇಶದ ಕಡತದ ಹಿಂದೆ ಹೀಗೆ ಗ್ರಂಥಾಲಯದ ಕೆಲಸ ಅಡಗಿದೆ. ಶಾಸನದ ಅಕ್ಷರದ ತಿರುವು ನೋಡಿ ಶತಮಾನ ಹೇಳುವ ವಿದ್ವಾಂಸರ ತಾಳ್ಮೆಯೇ ಇಲ್ಲೂ ಬೇಕು.

ಎಂಜಿನ್ ಸಂಖ್ಯೆ ಸಿಕ್ಕರೆ ಸಾಕಲ್ಲವೇ ಎನ್ನಿಸಬಹುದು. ಅಲ್ಲಿಯೂ ತೊಡಕಿದೆ. ಪ್ಯಾರಿಸ್ ಹತ್ತಿರದ ದ ದಿಯೋಂ–ಬೂತೋಂ ಕಂಪನಿ ತನ್ನ ಕಾರುಗಳಿಗಷ್ಟೇ ಅಲ್ಲ, ಯೂರೋಪಿನ ಎಷ್ಟೋ ಸಣ್ಣಪುಟ್ಟ ತಯಾರಕರಿಗೆ ಎಂಜಿನ್ ಮಾರುತ್ತಿತ್ತು. ಲೂಯಿ ರೆನೊ ಮೊದಮೊದಲು ತಯಾರಿಸಿದ ಪುಟ್ಟ ಕಾರುಗಳಲ್ಲಿ ಇದ್ದದ್ದೂ ಅದೇ. ಎಂಜಿನ್ 1901ರದ್ದು ಎಂದು ತಿಳಿದರೂ, ಅದು ಯಾವ ವರ್ಷ ಯಾವ ಚೌಕಟ್ಟಿನೊಳಗೆ ಕೂತಿತು ಎಂಬುದು ಆಗಲೂ ಉಳಿಯುವ ಪ್ರಶ್ನೆ. ಇದರ ಜೊತೆಗೆ, ಎರಡು ಮಹಾಯುದ್ಧಗಳ ಕಬ್ಬಿಣದ ಹಸಿವನ್ನು ದಾಟಿ ಉಳಿದ ಕಾರುಗಳು ಇಡಿಯಾಗಿ ಉಳಿದದ್ದು ಅಪರೂಪ. ಒಂದು ಕಾರಿನ ಮುಂಭಾಗ, ಇನ್ನೊಂದರ ಹಿಂಭಾಗ, ಮೂರನೆಯದರ ಎಂಜಿನ್, ಬಡಗಿಯಿಂದ ಹೊಸದಾಗಿ ಮಾಡಿಸಿದ ಮರದ ಮೈ. ಇಂಥದ್ದಕ್ಕೆ ಯಾವ ವರ್ಷ ಕೊಡಬೇಕು?

ಇಲ್ಲಿ ಹಣದ ವಿಚಾರವೂ ನುಸುಳುತ್ತದೆ. 1904ರದ್ದು ಎಂಬ ಪ್ರಮಾಣಪತ್ರವಿರುವ ಕಾರು ಬ್ರೈಟನ್ನಿಗೆ ಹೋಗಬಲ್ಲದು. ಆದ್ದರಿಂದಲೇ ಹರಾಜಿನಲ್ಲಿ ಅದರ ಬೆಲೆ 1905ರ ಅದೇ ಕಾರಿಗಿಂತ ಹೆಚ್ಚು. ಹರಾಜಿನ ಪಟ್ಟಿಗಳಲ್ಲಿ ‘ಲಂಡನ್–ಬ್ರೈಟನ್‌ಗೆ ಅರ್ಹ’ ಎಂಬ ಮಾತು ಮೊದಲ ಸಾಲುಗಳಲ್ಲೇ ಇರುತ್ತದೆ. ಒಂದು ಅಂಕಿಯ ಮೇಲೆ ಇಷ್ಟು ಭಾರ ಕೂತಾಗ ಆ ಅಂಕಿಯನ್ನು ಹಿಂದಕ್ಕೆ ಸರಿಸುವ ಆಸೆ ಯಾರಿಗಾದರೂ ಹುಟ್ಟೀತು. ವಯಸ್ಸು ಹೇಳುವವರು ಕಾರು ಮಾರುವವರಲ್ಲ, ಓಟ ನಡೆಸುವವರೂ ಅಲ್ಲ, ಅದೇ ವಿದ್ಯೆಯಲ್ಲಿ ಬೆರಳು ಕಪ್ಪಾಗಿಸಿಕೊಂಡ ಸಂಘದವರು ಎಂಬ ಏರ್ಪಾಡು ಇದರಿಂದಾಗಿಯೇ ಬೆಲೆಬಾಳುತ್ತದೆ. ಹೊಸ ಪುರಾವೆ ಸಿಕ್ಕಾಗ ಹಳೆಯ ತೀರ್ಮಾನವನ್ನು ಮತ್ತೆ ತೆರೆದು ನೋಡುವುದೂ ಉಂಟು. ತಂದೆಯ ಕಾಲದಿಂದ 1903ರದ್ದೆಂದು ನಂಬಿಕೊಂಡು ಬಂದ ಮನೆಯ ಕಾರು 1905ರದ್ದೆಂದು ಸಾಬೀತಾದರೆ ಆ ಮನೆಗೆ ನೋವು ಸಣ್ಣದಲ್ಲ. ಆದರೂ ಗೆರೆಯನ್ನು ಒಬ್ಬರಿಗಾಗಿ ಸಡಿಲಿಸಿದರೆ 400 ಕಾರುಗಳ ಪ್ರಮಾಣಪತ್ರವೂ ಸಡಿಲವಾಗುತ್ತದೆ.

ವಯಸ್ಸು ತೀರ್ಮಾನವಾದ ಮೇಲೆ ಸಾಲು. ಇಲ್ಲಿ ಹಿರಿತನಕ್ಕೇ ಮೊದಲ ಮಣೆ: ಹೆಚ್ಚುಕಡಿಮೆ ವಯಸ್ಸಿನ ಕ್ರಮದಲ್ಲೇ ಕಾರುಗಳಿಗೆ ಸಂಖ್ಯೆ ಕೊಡುತ್ತಾರೆ. 1890ರ ದಶಕದ ಬೆಂಝ್‌ಗಳು, ಪ್ಯೂಜೊಗಳು, ಬೊಲೆಗಳು ಮುಂದೆ. 1904ರ ನಾಲ್ಕು ಸಿಲಿಂಡರಿನ ದೊಡ್ಡ ಕಾರುಗಳು ಹಿಂದೆ. ಇದು ಬರೀ ಮರ್ಯಾದೆಯ ಮಾತಲ್ಲ, ಹಗಲಿನ ಲೆಕ್ಕ. ನವೆಂಬರ್ ಮೊದಲ ವಾರ ಲಂಡನ್ನಿನಲ್ಲಿ ಸೂರ್ಯ ಏಳು ಗಂಟೆಯ ಹೊತ್ತಿಗೆ ಹುಟ್ಟಿ ನಾಲ್ಕೂವರೆಗೆ ಮುಳುಗುತ್ತಾನೆ. ಮೂರು ಅಶ್ವಶಕ್ತಿಯ ಒಂಟಿ ಸಿಲಿಂಡರ್ ಗಾಡಿಗೆ ಆ ಹಗಲೆಲ್ಲ ಬೇಕು. 1903ರ ಮರ್ಸಿಡಿಸ್‌ಗೆ ಅರವತ್ತು ಅಶ್ವಶಕ್ತಿಯಿದೆ. ಅದು ಕೊನೆಗೆ ಹೊರಟರೂ ನಡುವೆ ಕಾಫಿ ಕುಡಿದು ಹೋಗಬಹುದು. ಸಾಲನ್ನು ತಿರುಗುಮುರುಗು ಮಾಡಿದರೆ ಕೊನೆಯ ಬೆಂಝ್ ಕತ್ತಲಲ್ಲಿ ಸಿಕ್ಕಿಕೊಳ್ಳುತ್ತದೆ, ಎಣ್ಣೆಯ ದೀಪದಲ್ಲಿ ದಾರಿ ಹುಡುಕಬೇಕಾಗುತ್ತದೆ.

ಬೆಳಗಾಗುವ ಮುನ್ನವೇ ಹೈಡ್ ಪಾರ್ಕಿನ ಸರ್ಪೆಂಟೈನ್ ಕೊಳದ ಬದಿಯ ರಸ್ತೆಯಲ್ಲಿ ಕಾರುಗಳು ನಿಂತಿರುತ್ತವೆ. ಉಗಿ ಕಾರಿನವರು ಎಲ್ಲರಿಗಿಂತ ಬೇಗ ಏಳಬೇಕು. ಬಾಯ್ಲರಿಗೆ ಬೆಂಕಿ ಹಚ್ಚಿ ಒತ್ತಡ ಏರುವವರೆಗೆ ಕಾಯದೆ ಗಾಡಿ ಕದಲದು. ದಾರಿಯಲ್ಲೂ ಅಲ್ಲಲ್ಲಿ ನಿಂತು ನೀರು ತುಂಬಿಸಬೇಕು. ವಿದ್ಯುತ್ ಕಾರುಗಳೂ ಈ ಗುಂಪಿನಲ್ಲಿರುತ್ತವೆ. 120 ವರ್ಷದ ಹಿಂದೆ ಉಗಿ, ಪೆಟ್ರೋಲ್, ವಿದ್ಯುತ್ ಮೂರಕ್ಕೂ ಭವಿಷ್ಯ ಸಮಸಮ ಕಂಡಿತ್ತು ಎಂಬುದಕ್ಕೆ ಈ ಸಾಲಿಗಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗದು. ಸೂರ್ಯೋದಯಕ್ಕೆ ಕೆಂಪು ಬಾವುಟವನ್ನು ಮತ್ತೆ ಹರಿಯುತ್ತಾರೆ. ಸಣ್ಣ ಸಣ್ಣ ಗುಂಪುಗಳಾಗಿ ಕಾರುಗಳು ಹೊರಡುತ್ತವೆ. ಎಲ್ಲವೂ ಉದ್ಯಾನ ಬಿಡಲು ಒಂದು ಗಂಟೆಗೂ ಮಿಕ್ಕು ಹಿಡಿಯುತ್ತದೆ.

ವೆಲಿಂಗ್ಟನ್ ಕಮಾನು, ಬಕಿಂಗ್‌ಹ್ಯಾಮ್ ಅರಮನೆಯ ಮುಂಭಾಗ, ವೆಸ್ಟ್‌ಮಿನ್‌ಸ್ಟರ್, ಥೇಮ್ಸ್ ದಾಟಿ ಬ್ರಿಕ್ಸ್‌ಟನ್, ಸ್ಟ್ರೆತಮ್, ಕ್ರಾಯ್ಡನ್. ಬಳಿಕ ರೆಡ್‌ಹಿಲ್, ಕ್ರಾಲಿ, ಕಕ್‌ಫೀಲ್ಡ್, ಬರ್ಜೆಸ್ ಹಿಲ್. ಕೊನೆಗೆ ಬೆಟ್ಟದ ಸಾಲು ದಾಟಿ ಇಳಿದರೆ ಕಡಲು.

ರಸ್ತೆ ಮುಚ್ಚಿ ನಡೆಸುವ ಓಟ ಇದಲ್ಲ. ಸಿಟಿ ಬಸ್ಸು, ಸೈಕಲ್ಲು, ಸಿಗ್ನಲ್ಲುಗಳ ನಡುವೆಯೇ ಹೋಗಬೇಕು. ಚಾಲಕನಿಗೆ ಕೈಕಾಲು ಸಾಲದಷ್ಟು ಕೆಲಸ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕರ್ವ್ಡ್ ಡ್ಯಾಶ್‌ನಂಥ ಕಾರಿಗೆ ಸ್ಟೀರಿಂಗ್ ಚಕ್ರವೇ ಇಲ್ಲ, ದೋಣಿಯ ಚುಕ್ಕಾಣಿಯ ಹಾಗೆ ಒಂದು ಹಿಡಿಕೆ. ಎಂಜಿನ್ನಿಗೆ ಎಣ್ಣೆ ತೊಟ್ಟು ತೊಟ್ಟಾಗಿ ಬೀಳುವುದನ್ನು ಗಾಜಿನ ನಳಿಕೆಯಲ್ಲಿ ನೋಡುತ್ತಲೇ ಇರಬೇಕು. ನಿಂತರೆ ಬೇರಿಂಗ್ ಸುಡುತ್ತದೆ. ಬಿದ್ದ ಎಣ್ಣೆ ಮರಳಿ ಬರುವುದಿಲ್ಲ, ರಸ್ತೆಗೇ ಹೋಗುತ್ತದೆ. ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ, ಅದೂ ಮಳೆಯಲ್ಲಿ ನೆನೆದರೆ ಹಿಡಿಯುವುದು ಕಷ್ಟ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಿರಲು ಕೆಲವು ಕಾರುಗಳ ಅಡಿಯಲ್ಲಿ ಒಂದು ಕಬ್ಬಿಣದ ಊರುಗೋಲು ಇರುತ್ತದೆ, ಅದನ್ನು ಇಳಿಬಿಟ್ಟರೆ ನೆಲ ಕಚ್ಚಿ ಹಿಡಿಯುತ್ತದೆ. ತೀರಾ ಕಡಿದಾದ ಏರಿನಲ್ಲಿ ಪ್ರಯಾಣಿಕರು ಇಳಿದು ತಳ್ಳುವುದು ಇಲ್ಲಿನ ರೂಢಿ, ಅದರಲ್ಲಿ ಯಾರಿಗೂ ಮುಜುಗರವಿಲ್ಲ. ಹೊರಟವುಗಳಲ್ಲಿ ಎಲ್ಲವೂ ತಲುಪುವುದೂ ಇಲ್ಲ.

ಬ್ರಿಟನ್ನಿನಲ್ಲಿ ಇಷ್ಟು ಹಳೆಯ ವಾಹನಗಳಿಗೆ ವಾರ್ಷಿಕ ಯೋಗ್ಯತಾ ಪರೀಕ್ಷೆಯ ಕಡ್ಡಾಯವಿಲ್ಲ. 1960ಕ್ಕೆ ಮೊದಲಿನವಕ್ಕೆ 2012ರಲ್ಲಿ ವಿನಾಯಿತಿ ಸಿಕ್ಕಿತು, 2018ರಲ್ಲಿ ಅದು ನಲವತ್ತು ವರ್ಷ ದಾಟಿದ ಬಹುತೇಕ ವಾಹನಗಳಿಗೆ ವಿಸ್ತರಿಸಿತು. ಗಾಡಿ ಸುರಕ್ಷಿತವಾಗಿದೆಯೇ ಎಂಬ ಹೊಣೆ ಹೀಗೆ ಮಾಲೀಕನ ತಲೆಯ ಮೇಲೆಯೇ ಬರುತ್ತದೆ. ಅಪಾಯ ಇರುವುದು ಗಾಡಿಯೊಳಗೆ ಮಾತ್ರವೂ ಅಲ್ಲ. 2019ರ ಓಟದಲ್ಲಿ ಒಂದು 1903ರ ಕಾರು ದಾರಿ ತಪ್ಪಿ ಎಂ23 ವೇಗದ ಹೆದ್ದಾರಿಗೆ ಸೇರಿತು. ಅಲ್ಲಿ ಲಾರಿಯೊಂದಿಗೆ ಡಿಕ್ಕಿಯಾಗಿ ಎಂಬತ್ತು ವರ್ಷದ ಚಾಲಕ ತೀರಿಕೊಂಡರು, ಜೊತೆಗಿದ್ದ ಅವರ ಪತ್ನಿಗೆ ತೀವ್ರ ಗಾಯಗಳಾದವು. ಇಪ್ಪತ್ತು ಮೈಲಿಯ ಗಾಡಿ ಎಪ್ಪತ್ತು ಮೈಲಿಯ ರಸ್ತೆಗೆ ಬಂದರೆ ಏನಾಗುತ್ತದೆ ಎಂಬುದನ್ನು ಆ ದಿನ ಕಟುವಾಗಿ ತೋರಿಸಿತು. ಒಂದು ತಿರುವಿನಲ್ಲಿ ನಿಲ್ಲುವ ಬಾಣದ ಫಲಕ, ಅಲ್ಲಿ ಚಳಿಯಲ್ಲಿ ನಿಂತು ಕೈ ತೋರಿಸುವ ಸ್ವಯಂಸೇವಕ: ಇಂಥ ದಿನದಲ್ಲಿ ಜೀವ ಉಳಿಸುವುದು ಇವೇ. ಪ್ರವೇಶದ ಪಟ್ಟಿ ಎಷ್ಟು ಉದ್ದವಿರಬೇಕು ಎಂಬುದನ್ನು ನಿರ್ಧರಿಸುವಾಗ, ದಾರಿಯುದ್ದಕ್ಕೂ ಅಷ್ಟು ಕಾರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವಷ್ಟು ಜನ ಇದ್ದಾರೆಯೇ ಎಂದು ಕೇಳಿಕೊಳ್ಳಬೇಕಾದದ್ದು ಇದಕ್ಕೇ.

ಓಟ ತಪ್ಪಿದ ವರ್ಷಗಳೂ ಇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆಯಲಿಲ್ಲ. 1947ರಲ್ಲಿ ಪೆಟ್ರೋಲ್ ಪಡಿತರದಿಂದಾಗಿ ನಿಂತಿತು. 2020ರಲ್ಲಿ ಕೋವಿಡ್.

ಈ ಓಟವನ್ನು ಇಂಗ್ಲೆಂಡಿನ ಹೊರಗೂ ಮನೆಮಾತಾಗಿಸಿದ್ದು 1953ರ ‘ಜೆನೆವೀವ್’ ಸಿನಿಮಾ. ನಿರ್ದೇಶಕ ಹೆನ್ರಿ ಕಾರ್ನೀಲಿಯಸ್. ಬ್ರೈಟನ್ನಿಗೆ ಹೋದ ಇಬ್ಬರು ಗೆಳೆಯರು ಮರಳುವಾಗ ಯಾರ ಕಾರು ಮೊದಲು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟುತ್ತದೆ ಎಂದು ಪಣ ಕಟ್ಟುವ ಕಥೆ. ಲ್ಯಾರಿ ಆಡ್ಲರ್ ನುಡಿಸಿದ ಮೌತ್ ಆರ್ಗನ್ ಸಂಗೀತ ಅದಕ್ಕೆ ಬೇರೆಯೇ ಸೊಗಸು ಕೊಟ್ಟಿತು. ಓಟದ ನಿಯಮ ಒಪ್ಪದ ಪಂದ್ಯವನ್ನೇ ಸಿನಿಮಾ ಕಥೆಯಾಗಿಸಿಕೊಂಡಿತು. ಆದರೂ ಹಳೆಯ ಕಾರುಗಳ ಮೇಲೆ ಜನರ ಪ್ರೀತಿ ಹರಿದದ್ದು ಅದರ ನಂತರವೇ. ಜೆನೆವೀವ್ ಎಂಬುದು ನಾಯಕನ 1904ರ ದಾರಾಕ್ ಕಾರಿನ ಹೆಸರು. ಆ ಕಾರು ಗುಜರಿಯಿಂದ ಎದ್ದು ಬಂದದ್ದು. ಈಗ ನೆದರ್‌ಲೆಂಡ್ಸ್‌ನ ಹೇಗ್ ನಗರದ ಲೌಮನ್ ಸಂಗ್ರಹಾಲಯದಲ್ಲಿದೆ.

ಭಾರತದಲ್ಲಿ ಹಳೆಯ ಕಾರುಗಳ ಓಟಕ್ಕೆ ಹಿರಿಯಣ್ಣ ದಿ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿ. ದೆಹಲಿಯಲ್ಲಿ 1964ರಲ್ಲಿ ಆರಂಭವಾಗಿ ಮುಂದೆ ಕೋಲ್ಕತ್ತಕ್ಕೂ ಹೋಯಿತು. ಇಲ್ಲೂ ಮೊದಲ ಹೆಜ್ಜೆ ಇಟ್ಟದ್ದು ಪತ್ರಿಕೆಯೇ ಎಂಬುದು ಕಾಕತಾಳೀಯವಾದರೂ ಖುಷಿ ಕೊಡುವ ಸಂಗತಿ. ದೆಹಲಿಯ ರೈಲು ಸಂಗ್ರಹಾಲಯದಲ್ಲಿರುವ 1914ರ ಜಾನ್ ಮಾರಿಸ್ ಅಗ್ನಿಶಾಮಕ ವಾಹನ, ಒಂದು ಕಾಲಕ್ಕೆ ನಿಜಾಮರ ರೈಲ್ವೆಗೆ ದುಡಿದದ್ದು, ಆ ರ‍್ಯಾಲಿಯ ಹಳೆಯ ಅತಿಥಿ. ಕರ್ನಾಟಕದಲ್ಲಿ ಹಳೆಯ ಕಾರು ನೋಡಬೇಕೆಂದರೆ ಥಟ್ಟನೆ ನೆನಪಾಗುವುದು ಧರ್ಮಸ್ಥಳ. ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಕೂಡಿಬಂದ ಅಲ್ಲಿನ ಸಂಗ್ರಹವನ್ನು ದೇವರ ದರ್ಶನ ಮುಗಿಸಿ ನೋಡಿ ಬಂದ ಕುಟುಂಬಗಳು ನಾಡಿನ ತುಂಬ ಇವೆ. ಬೆಂಗಳೂರಿನಲ್ಲಂತೂ ವಿಂಟೇಜ್ ಕಾರುಗಳ ಸಂಘ, ಮೆರವಣಿಗೆ, ಭಾನುವಾರದ ಸವಾರಿ ಹೊಸತಲ್ಲ.

ಭಾರತದ ಮಾಲೀಕರಿಗೆ ಗೆರೆ ಎಲ್ಲಿ ಎಂಬ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಟ್ಟದ್ದು 2021ರ ಜುಲೈನಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ‘ವಿಂಟೇಜ್’. ಅದು ಮೂಲ ರೂಪದಲ್ಲೇ ಇರಬೇಕು. ಷಾಸಿ, ಮೈ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಇಂಥ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ, ರಿಪೇರಿಗಾಗಿ ಮಾತ್ರ ರಸ್ತೆಗಿಳಿಸಬಹುದು.

ಎರಡು ದೇಶಗಳ ಗೆರೆಗಳಿಗೆ ದೊಡ್ಡ ವ್ಯತ್ಯಾಸವಿದೆ. ಬ್ರೈಟನ್ನಿನದು ಕಲ್ಲಿನ ಗೆರೆ. ವರ್ಷಗಳು ಉರುಳಿದರೂ 1905ರಿಂದ ಈಚೆ ಸರಿಯುವುದಿಲ್ಲ. ಎಲ್ಲೋ ಒಂದು ಹಳೆಯ ಕೊಟ್ಟಿಗೆಯಲ್ಲಿ ಮರೆತುಹೋದ ಚೌಕಟ್ಟು ಸಿಕ್ಕರಷ್ಟೇ ಅರ್ಹರ ಸಂಖ್ಯೆ ಒಂದು ಏರೀತು. ಭಾರತದ್ದು ನಡೆಯುವ ಗೆರೆ. ಪ್ರತಿ ವರ್ಷ ಹೊಸದೊಂದು ತಲೆಮಾರಿನ ವಾಹನ ಅದರೊಳಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ನೋಂದಣಿ ಪುಸ್ತಕ ಇಲ್ಲದ ಕಾಲದ ಕಾರಿಗೆ ತಜ್ಞರು ವರ್ಷ ಹುಡುಕಿ ಕೊಡುತ್ತಾರೆ. ಇಲ್ಲಿ ಮೊದಲ ನೋಂದಣಿಯ ದಿನವೇ ಎಲ್ಲಕ್ಕೂ ಆಧಾರ. 1975ರಲ್ಲಿ ಅಂದಿನ ಆರ್‌ಟಿಒ ಗುಮಾಸ್ತ ಶಾಯಿಯಲ್ಲಿ ಬರೆದ ಸಾಲು ಮಾಸದೆ ಉಳಿದಿದ್ದರೆ, ಅಜ್ಜನ ಅಂಬಾಸಿಡರ್ 2025ರಲ್ಲಿ ಐವತ್ತು ತುಂಬಿಸಿ ವಿಂಟೇಜ್ ಸಾಲಿನ ಬಾಗಿಲಿಗೆ ಬಂತು. ಆ ಕಾಗದ ಕಳೆದುಹೋಗಿದ್ದರೆ ಶೆಡ್ಡಿನಲ್ಲಿ ಎಷ್ಟೇ ಹೊಳೆಯುವ ಕಾರಿದ್ದರೂ ಮಾಲೀಕರು ಅರ್ಜಿ ಹಿಡಿದು ಮೊದಲು ಅಲೆಯಬೇಕಾದದ್ದು ಹಳೆಯ ದಾಖಲೆಗಳ ಕೋಣೆಗೆ.